ಹೆಬ್ಬೆರಳಷ್ಟು ಎತ್ತರ

"ಭಾವ, ಕಾರೇನೋ ಚೆನ್ನಾಗಿದೆ. ಆದ್ರೆ ಸೈಕಲ್ ಟೈರ್ ಯಾಕೆ ಹಾಕ್ಸಿದೀರಾ?"

ಬಾಮೈದ ತಮಾಷೆಗೆ ಅಂದ ಮಾತು. ಅವನು ಅಂದ, ಮರೆತ. ನಾನು ಮರೆಯಲಿಲ್ಲ. ಅಲ್ಲಿಯವರೆಗೆ ನನ್ನ ಕಾರಿನ ಟೈರುಗಳನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಗಾಳಿ ಹಾಕಿಸುವಾಗ ಬಗ್ಗಿ ನೋಡಿದ್ದಷ್ಟೇ. ಅವನು ಹೇಳಿದ ಮೇಲೆ ಕಣ್ಣಿಗೆ ಬೇರೆ ಏನೂ ಬೀಳದೆ ಹೋಯಿತು. ಪಾರ್ಕಿಂಗಿನಲ್ಲಿ ಹಿಂದಿನಿಂದ ನೋಡಿದರೆ ನಿಜವಾಗಲೂ ಹಾಗೇ ಕಾಣುತ್ತಿತ್ತು. ದೊಡ್ಡ ಮೈ, ಕೆಳಗೆ ಸಣ್ಣ ಸಣ್ಣ ಕಾಲು. ಪಕ್ಕದಲ್ಲಿ ನಿಂತ ಕಾರಿನ ಟೈರು ಹಂಡೆಯಂತಿದೆ, ನನ್ನದು ದೋಸೆ ಹೆಂಚಿನಂತಿದೆ. ಸಾವಿರ ಸಿಸಿ ಒಳಗಿನ ಇಂಜಿನ್, 13 ಇಂಚಿನ ಕಬ್ಬಿಣದ ರಿಮ್, ಅದರ ಮೇಲೆ 155/80 ಆರ್13 ಟೈರು, ಅಂದರೆ 155 ಮಿಲಿಮೀಟರ್ ಅಗಲದ್ದು. ಕಾರು ಮಾಡಿದವರು ದುಡ್ಡು ಉಳಿಸೋಕೆ ಹೀಗೆ ಸಣ್ಣದು ಹಾಕಿದ್ದಾರೆ ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಆ ತೀರ್ಮಾನ ಎಷ್ಟು ತಪ್ಪು ಅಂತ ಗೊತ್ತಾಗೋಕೆ ಎರಡು ವರ್ಷ ಬೇಕಾಯಿತು.

ಆ ಹೊತ್ತಿಗೆ ಟೈರುಗಳಿಗೂ ವಯಸ್ಸಾಗಿತ್ತು. ಸಾಲುಗಳ ಮಧ್ಯೆ ಅಡ್ಡಡ್ಡ ಸಣ್ಣ ದಿಬ್ಬ ಇರುತ್ತದಲ್ಲ, 1.6 ಮಿಲಿಮೀಟರ್ ಉಳಿದಾಗ ಮೇಲ್ಮೈಗೆ ಸಮ ಆಗುವಂಥದ್ದು, ಅದು ಸಮ ಆಗಿತ್ತು. ಅಂಗಡಿಗೆ ಹೋದೆ. ಅಂಗಡಿಯವರು ಕಾರಿನ ಸುತ್ತ ಒಂದು ಸುತ್ತು ಹಾಕಿದರು. "ಮತ್ತೆ 13 ಯಾಕೆ ಸರ್? 14ರ ಅಲಾಯ್ ಹಾಕ್ಸಿ, 175 ಕೂರುತ್ತೆ. ಗಾಡಿ ಲುಕ್ಕೇ ಬೇರೆ ಆಗುತ್ತೆ." ಅಲಾಯ್ ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ರಿಮ್. ನಾನು ಒಂದೇ ಒಂದು ಪ್ರಶ್ನೆ ಕೇಳಿದೆ. "ಎಲ್ಲಾದ್ರೂ ಉಜ್ಜುತ್ತಾ?" ಅವರು ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದರು, ಪೂರ್ತಿ ಬಲಕ್ಕೆ ತಿರುಗಿಸಿದರು. ಉಜ್ಜಲಿಲ್ಲ. ಟೈರಿನ ಅಳತೆಯ ಬಗ್ಗೆ ನಾನು ಮಾಡಿದ ಪೂರ್ತಿ ಸಂಶೋಧನೆ ಅಷ್ಟೇ. 175/70 ಆರ್14 ಹಾಕಿಸಿಕೊಂಡು ಮನೆಗೆ ಬಂದೆ. ಬಾಮೈದನಿಗೆ ಫೋಟೋ ಕಳಿಸಿದೆ. ಅವನು ಹೆಬ್ಬೆರಳು ಎತ್ತಿದ ಗುರುತು ಹಾಕಿದ. ಮೊದಲ ವಾರ ಮಹಡಿಯಿಂದ ದಿನಾ ಒಮ್ಮೆ ಕಾರನ್ನು ನೋಡಿ ಖುಷಿಪಟ್ಟಿದ್ದೇನೆ. ಸುಳ್ಳು ಯಾಕೆ ಹೇಳಲಿ.

ಬೆಟ್ಟದ ತಿರುವಿನಲ್ಲಿ

ಏನೋ ಬದಲಾಗಿದೆ ಅಂತ ಮೊದಲೇ ಅನ್ನಿಸುತ್ತಿತ್ತು. ಸಿಗ್ನಲ್ಲಿನಲ್ಲಿ ಬಿಟ್ಟ ಮೇಲೆ ಮೊದಲಿನ ಚುರುಕಿಲ್ಲ. ನಾಲ್ಕನೇ ಗೇರಿನಲ್ಲಿ ಹೋಗುತ್ತಿದ್ದ ಜಾಗಕ್ಕೆ ಮೂರು ಬೇಕಾಗುತ್ತಿತ್ತು. ಹೊಸ ಟೈರು ಪಳಗಬೇಕು ಅಂದುಕೊಂಡೆ. ಸರ್ವಿಸಿಗೆ ಬಂದಿರಬೇಕು ಅಂದುಕೊಂಡೆ. ಏರ್ ಫಿಲ್ಟರ್ ಕೂಡ ಬದಲಿಸಿದೆ. ಟೈರಿನ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಇಷ್ಟಪಟ್ಟು ತಂದಿದ್ದರ ಮೇಲೆ ಯಾರಿಗೂ ಬೇಗ ಅನುಮಾನ ಬರಲ್ಲ.

ಆಮೇಲೆ ಒಂದು ಸಲ ಎಲ್ಲರೂ ಸೇರಿ ಬೆಟ್ಟಕ್ಕೆ ಹೊರಟೆವು. ನಾನು, ಹೆಂಡತಿ, ಬಾಮೈದ, ಅವನ ಹೆಂಡತಿ, ಹಿಂದೆ ಎರಡು ಚೀಲ. ಎಸಿ ಓಡುತ್ತಿತ್ತು. ಇದೇ ದಾರಿಯಲ್ಲಿ ಇದೇ ಕಾರು ಇಷ್ಟೇ ಜನರನ್ನು ಮೊದಲೂ ಹೊತ್ತಿತ್ತು. ಹೇರ್‌ಪಿನ್ ತಿರುವಿನಲ್ಲಿ ಎದುರಿಗೆ ಒಂದು ಬಸ್ ಇಳಿಯುತ್ತಿತ್ತು. ನಿಧಾನ ಮಾಡಿದೆ. ಬಸ್ ದಾಟಿತು. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ಗೊರಗೊರ ಅಂತು, ಕಾರು ನಡುಗಿತು, ಮುಂದೆ ಹೋಗಲಿಲ್ಲ. ಮೊದಲನೇ ಗೇರಿಗೆ ಹಾಕುವ ಹೊತ್ತಿಗೆ ಕಾರು ನಿಂತೇಹೋಯಿತು. ಹಿಂದೆ ಒಂದು ಲಾರಿ. ಹ್ಯಾಂಡ್‌ಬ್ರೇಕ್ ಎಳೆದು, ಹಾಫ್ ಕ್ಲಚ್ಚಿನಲ್ಲಿ ಹಿಡಿದು, ಎಸಿ ಆರಿಸಿ, ಹೇಗೋ ಎತ್ತಿದೆ. ಕ್ಲಚ್ ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಹಿಂದಿನ ಸೀಟಿನಿಂದ ಬಾಮೈದ ಕೇಳಿದ, "ಏನ್ ಭಾವ, ಗಾಡಿ ಪಿಕಪ್ಪೇ ಇಲ್ವಲ್ಲ?" ನನಗೆ ಬಂದ ಕೋಪವನ್ನು ಇಲ್ಲಿ ಬರೆಯುವುದು ಬೇಡ.

ಊಟ ಮಾಡುವಾಗಲೂ ಅದೇ ತಲೆಯಲ್ಲಿತ್ತು. ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ತಿರುವು ಅದು. ಇಂಜಿನ್ ಬದಲಾಗಿಲ್ಲ, ಗೇರ್‌ಬಾಕ್ಸ್ ಬದಲಾಗಿಲ್ಲ, ಜನರ ತೂಕವೂ ಅಷ್ಟೇ. ಸರಿ, ನಮ್ಮಿಬ್ಬರ ಹೊಟ್ಟೆ ಸ್ವಲ್ಪ ಬಂದಿರಬಹುದು.

ಪಂಕ್ಚರ್ ಕಲಿಸಿದ ಪಾಠ

ವಾಪಸ್ ಬರುವಾಗ ಎಡಗಡೆ ಮುಂದಿನ ಟೈರ್ ಪಂಕ್ಚರ್ ಆಯಿತು. ಸ್ಟೆಪ್ನಿ ಹೊರಗೆ ತೆಗೆದೆ. ಅದು ಹಳೇ ಅಳತೆಯದ್ದೇ. ನಾಲ್ಕು ಅಲಾಯ್ ತಗೊಂಡಿದ್ದೆ, ಐದನೇದು ಯಾರು ತಗೋತಾರೆ? ಬಿಚ್ಚಿದ ಚಕ್ರವನ್ನೂ ಸ್ಟೆಪ್ನಿಯನ್ನೂ ರಸ್ತೆ ಬದಿಯ ಮೋಟುಗೋಡೆಗೆ ಒರಗಿಸಿ ಅಕ್ಕಪಕ್ಕ ನಿಲ್ಲಿಸಿದ್ದೆ. ಬೋಲ್ಟ್ ಹುಡುಕೋಕೆ ಬಗ್ಗಿದವನು ತಲೆ ಎತ್ತಿದಾಗ ಕಣ್ಣಿಗೆ ಬಿತ್ತು. ಹೊಸದು ಎತ್ತರ ಇದೆ. ಜಾಸ್ತಿ ಅಲ್ಲ, ಹಳೇದರ ನೆತ್ತಿಯ ಮೇಲೆ ಹೆಬ್ಬೆರಳು ಅಡ್ಡ ಇಟ್ಟರೆ ಎಷ್ಟೋ ಅಷ್ಟು. ಪಂಕ್ಚರ್ ಆಗಿದ್ದರಿಂದ ಗಾಳಿ ಇಲ್ಲ, ಆದರೂ ಎತ್ತರ. ಎರಡನ್ನೂ ಒಂದೊಂದಾಗಿ ಎತ್ತಿ ನೋಡಿದೆ. ಭಾರವೂ ಬೇರೆ. ಅಲಾಯ್ ಅಂದರೆ ಹಗುರ ಅಂತ ಕೇಳಿದ್ದೆ. ಕೈ ಹಾಗೆ ಹೇಳಲಿಲ್ಲ.

ಸ್ಟೆಪ್ನಿಯನ್ನು ಮುಂದೆಯೇ ಹಾಕಿ ಹೊರಟೆ. ಅದೂ ತಪ್ಪು, ಆಮೇಲೆ ತಿಳಿಯಿತು. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಅಳತೆ ಬೇರೆ ಇರುವ ಚಕ್ರವನ್ನು ಹಿಂದಕ್ಕೆ ಹಾಕಬೇಕು. ಹಿಂದಿನ ಚಕ್ರವನ್ನು ತೆಗೆದು ಮುಂದಕ್ಕೆ ತರಬೇಕು. ಎರಡು ಸಲ ಜಾಕ್ ಹೊಡೆಯಬೇಕು, ಬೆನ್ನು ಬೀಳುತ್ತದೆ, ಆದರೆ ಅದೇ ಸರಿ. ಎಡಕ್ಕೆ ಒಂದಳತೆ, ಬಲಕ್ಕೆ ಒಂದಳತೆ ಇದ್ದರೆ ದೊಡ್ಡ ಚಕ್ರ 100 ಸುತ್ತು ಸುತ್ತುವಷ್ಟರಲ್ಲಿ ಸಣ್ಣದು ಹತ್ತಿರ ಹತ್ತಿರ 104 ಸುತ್ತು ಸುತ್ತಬೇಕು. ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತೋಕೆ ಬಿಡುವ, ತಿರುವಿನಲ್ಲಿ ಮಾತ್ರ ಕೆಲಸ ಮಾಡಬೇಕಾದ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ದುಡಿಯುತ್ತದೆ. ಆ ದಿನ ದಾರಿಯುದ್ದಕ್ಕೂ ಸ್ಟೇರಿಂಗ್ ಒಂದು ಕಡೆಗೆ ಎಳೆಯುತ್ತಿತ್ತು, ನಾನು ಇನ್ನೊಂದು ಕಡೆಗೆ ಎಳೆಯುತ್ತಿದ್ದೆ.

ಮನೆಗೆ ಬಂದ ಮೇಲೆ ಪೇಪರ್ ತಗೊಂಡು ಕೂತೆ. ಲೆಕ್ಕ ಸುಲಭ. ಟೈರಿನ ಅಗಲವನ್ನು ಗೀಟಿನ ಪಕ್ಕದ ಅಂಕಿಯ ಶೇಕಡಾದಷ್ಟು ಮಾಡಿದರೆ ಸೈಡ್‌ವಾಲ್ ಎತ್ತರ ಸಿಗುತ್ತದೆ. ಅದು ರಿಮ್ಮಿನ ಮೇಲೊಂದು, ಕೆಳಗೊಂದು. ರಿಮ್ ಇಂಚಿನಲ್ಲಿರುತ್ತದೆ, 25.4ರಿಂದ ಗುಣಿಸಬೇಕು. ಹಳೇದರಲ್ಲಿ 155ರ ಶೇಕಡಾ 80 ಅಂದರೆ 124. ಎರಡು ಸೇರಿ 248. ರಿಮ್ 330.2. ಒಟ್ಟು 578.2 ಮಿಲಿಮೀಟರ್. ಹೊಸದರಲ್ಲಿ 175ರ ಶೇಕಡಾ 70 ಅಂದರೆ 122.5. ಎರಡು ಸೇರಿ 245. ರಿಮ್ 355.6. ಒಟ್ಟು 600.6. ವ್ಯತ್ಯಾಸ 22 ಮಿಲಿಮೀಟರ್ ಮೇಲೆ ಚೂರು. ನನ್ನ ಹೆಬ್ಬೆರಳಿನ ಅಗಲವೂ ಅಷ್ಟೇ ಇದೆ, ಅಳೆದೆ. ಶೇಕಡಾವಾರು ನೋಡಿದರೆ 3.9.

ನಾಲ್ಕು ಪರ್ಸೆಂಟ್ ಅಷ್ಟೇ ತಾನೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಸೈಕಲ್ ತುಳಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಹಿಂದಿನ ಚಕ್ರ ದೊಡ್ಡದು ಮಾಡಿದರೆ ಒಂದು ತುಳಿತಕ್ಕೆ ಜಾಸ್ತಿ ದೂರ ಹೋಗುತ್ತೀರಿ, ಆದರೆ ಪ್ರತಿ ತುಳಿತವೂ ಗಟ್ಟಿ. ಕಾರಿನಲ್ಲೂ ಹಾಗೇ. ಗೇರ್‌ಬಾಕ್ಸ್ ಆದ ಮೇಲೆ, ಆಕ್ಸಲ್ ಆದ ಮೇಲೆ, ಟೈರೇ ಕೊನೆಯ ಗೇರು. ನಾನು ಗೊತ್ತಿಲ್ಲದೆ ಐದೂ ಗೇರುಗಳನ್ನು ಶೇಕಡಾ 3.9ರಷ್ಟು ಎತ್ತರಿಸಿಬಿಟ್ಟಿದ್ದೆ. ಮೊದಲು 3,000 ಸುತ್ತಿನಲ್ಲಿ ಇಂಜಿನ್ ಓಡುತ್ತಿದ್ದ ವೇಗಕ್ಕೆ ಈಗ ಸುಮಾರು 2,890 ಸುತ್ತು. ರಸ್ತೆಗೆ ತಲುಪುವ ಎಳೆತ ಅಷ್ಟೇ ಪ್ರಮಾಣದಲ್ಲಿ ಕಡಿಮೆ. ದೊಡ್ಡ ಇಂಜಿನ್ ಇದ್ದರೆ ಇದು ಗೊತ್ತೇ ಆಗಲ್ಲ, ಅಲ್ಲಿ ಬೇಕಾದಷ್ಟು ಬಾಕಿ ಇರುತ್ತದೆ. ಸಣ್ಣ ಇಂಜಿನ್ ತಿಂಗಳ ಕೊನೆಯ ಸಂಬಳದ ಹಾಗೆ. ತಿರುವಿನಲ್ಲಿ ಎರಡನೇ ಗೇರಿಗೆ ಅಂತ ಇದ್ದಿದ್ದೇ ಆ ನಾಲ್ಕು ಪರ್ಸೆಂಟ್.

ಬ್ರೇಕಿಗೂ ಇದೇ ಲೆಕ್ಕ ಅನ್ವಯಿಸುತ್ತದೆ ಅನ್ನೋದು ಆಮೇಲೆ ಹೊಳೆಯಿತು. ಡ್ರಮ್ಮೋ ಡಿಸ್ಕೋ ಅದೇ ಇದೆ, ಚಕ್ರ ದೊಡ್ಡದಾಗಿದೆ. ಅಷ್ಟೇ ಒತ್ತಿದರೆ ಅಷ್ಟೇ ಪ್ರಮಾಣದಲ್ಲಿ ಹಿಡಿತ ಕಡಿಮೆ. ಕಾಲು ತಾನಾಗೇ ಸ್ವಲ್ಪ ಜಾಸ್ತಿ ಒತ್ತಿಕೊಳ್ಳುತ್ತದೆ, ಅದಕ್ಕೇ ಗೊತ್ತಾಗಲ್ಲ.

ಸುಳ್ಳು ಹೇಳುವ ಮೀಟರ್

ಮೈಲೇಜ್ ವಿಷಯದಲ್ಲಿ ಒಂದು ತಮಾಷೆ ಆಯಿತು. ನಾನು ಟ್ಯಾಂಕ್ ತುಂಬಿಸಿ ತುಂಬಿಸಿ ಲೆಕ್ಕ ಇಡುವ ಜಾತಿ. ಹಳೇ ಟೈರಿನಲ್ಲಿ ಲೀಟರಿಗೆ 20 ಬರುತ್ತಿತ್ತು. ಹೊಸದರಲ್ಲಿ 18.2ಕ್ಕೆ ಇಳಿದಿತ್ತು. ಎರಡು ಕಿಲೋಮೀಟರ್ ಹತ್ತಿರ ಹೋಯಿತಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು. ಆದರೆ ಓಡೋಮೀಟರ್ ಎಣಿಸುವುದು ಚಕ್ರದ ಸುತ್ತುಗಳನ್ನು. ಚಕ್ರ ದೊಡ್ಡದಾಗಿದ್ದು ಅದಕ್ಕೆ ಯಾರೂ ಹೇಳಿಲ್ಲ. ಅದು 500 ಕಿಲೋಮೀಟರ್ ಅಂತ ತೋರಿಸಿದಾಗ ಕಾರು ನಿಜಕ್ಕೂ ಓಡಿದ್ದು ಹತ್ತಿರ ಹತ್ತಿರ 520. ಹಾಗಾಗಿ 18.2 ಅನ್ನೋದು ನಿಜವಾಗಿ 18.9. ಕಳೆದುಕೊಂಡೆ ಅಂದುಕೊಂಡ 1.8ರಲ್ಲಿ 0.7 ಬರೀ ಪುಸ್ತಕದ ನಷ್ಟ. ಉಳಿದ 1.1 ಮಾತ್ರ ಪೆಟ್ರೋಲಿನ ನಷ್ಟ. ಟೈರ್ ಬದಲಿಸಿ ಮೈಲೇಜ್ ಬಿತ್ತು ಅಂತ ಗೋಳಾಡುವ ಬಹಳ ಜನ ಈ ಲೆಕ್ಕ ಮಾಡಿರಲ್ಲ. ಉಲ್ಟಾನೂ ನಿಜ. ಅಗಲ ಮಾಡಿ ಎತ್ತರ ಕಡಿಮೆ ಮಾಡಿದವರಿಗೆ ಮೈಲೇಜ್ ಜಾಸ್ತಿ ಆದಂತೆ ಕಾಣುತ್ತದೆ. ಅವರು ಖುಷಿಯಾಗಿರುತ್ತಾರೆ, ನಾನು ಯಾಕೆ ಕೆಡಿಸಲಿ.

ಸ್ಪೀಡೋಮೀಟರಿನ ಕಥೆ ಬೇರೆ. ಅದು ಮೊದಲಿಂದಲೂ ಜಾಸ್ತಿ ತೋರಿಸುವಂತೆಯೇ ಮಾಡಿರುತ್ತಾರೆ. ವಿಶ್ವಸಂಸ್ಥೆಯ 39ನೇ ನಿಯಮ ಅಂತ ಒಂದಿದೆ. ಅದರ ಪ್ರಕಾರ ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ. ಜಾಸ್ತಿ ತೋರಿಸಬಹುದು, ನಿಜ ವೇಗದ ಹತ್ತನೇ ಒಂದು ಭಾಗದ ಮೇಲೆ 4 ಕಿಲೋಮೀಟರ್‌ವರೆಗೆ. ನನ್ನ ಕಾರಿನಲ್ಲಿ ಮುಳ್ಳು 80ರಲ್ಲಿದ್ದಾಗ ಫೋನಿನ ಜಿಪಿಎಸ್ 75 ತೋರಿಸುತ್ತಿತ್ತು. ಟೈರ್ ಬದಲಿಸಿದ ಮೇಲೆ 78. ಅಂದರೆ ತಪ್ಪು ಟೈರು ಹಾಕಿ ನನ್ನ ಸ್ಪೀಡೋಮೀಟರನ್ನು ನಾನು ರಿಪೇರಿ ಮಾಡಿದ್ದೆ! ಇನ್ನೊಂದು ಸೈಜ್ ಮೇಲೆ ಹೋಗಿದ್ದರೆ ಮುಳ್ಳು ನಿಜಕ್ಕಿಂತ ಕಡಿಮೆ ತೋರಿಸುತ್ತಿತ್ತು. ಅದು ಅಪಾಯ.

ಉಳಿದ 1.1 ಎಲ್ಲಿ ಹೋಯಿತು? ಒಂದಷ್ಟು ಗೇರಿನಲ್ಲಿ. ಇಂಜಿನ್ ನಿಧಾನ ಸುತ್ತಿದರೆ ಪೆಟ್ರೋಲ್ ಉಳಿಯಬೇಕಲ್ವಾ ಅಂತ ನೀವು ಕೇಳಬಹುದು. ಸಪಾಟು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋದರೆ ಉಳಿಯಬಹುದು. ಆದರೆ ಸಣ್ಣ ಇಂಜಿನ್ ಐದನೇ ಗೇರಿನಲ್ಲಿ ಎಳೆಯಲಾರದೆ ಒದ್ದಾಡುತ್ತದೆ. ಸಣ್ಣ ಏರು ಬಂದರೂ ನಾಲ್ಕಕ್ಕೆ ಇಳಿಸುತ್ತೀರಿ. ಉಳಿತಾಯ ಅಲ್ಲಿಗೆ ಮುಗಿಯಿತು. ಇನ್ನೊಂದಷ್ಟು ತೂಕದಲ್ಲಿ. ಸ್ನಾನದ ಮನೆಯ ತೂಕದ ಯಂತ್ರದ ಮೇಲೆ ಎರಡೂ ಚಕ್ರ ಇಟ್ಟು ನೋಡಿದೆ. ಹಳೇದು 12 ಕಿಲೋ, ಹೊಸದು ಹದಿನಾಲ್ಕೂವರೆ. ನಾಲ್ಕಕ್ಕೆ 10 ಕಿಲೋ. ಚಕ್ರದಂಚಿನ ತೂಕ ಮುಂದಕ್ಕೂ ಹೋಗಬೇಕು, ಸುತ್ತಲೂ ಬೇಕು. ಅದಕ್ಕೇ ಕಾರು ವೇಗ ಹಿಡಿಯುವಾಗ ಅದು ಹತ್ತಿರ ಹತ್ತಿರ ಎರಡರಷ್ಟಾಗಿ ಲೆಕ್ಕಕ್ಕೆ ಬರುತ್ತದೆ. ಪ್ರತಿ ಸಿಗ್ನಲ್ಲಿನಲ್ಲೂ ಒಂದು ಐದು ವರ್ಷದ ಮಗುವನ್ನು ಜೊತೆಗೆ ಎತ್ತಿಕೊಂಡು ಹೊರಟ ಹಾಗೆ. ಗುಂಡಿಗೆ ಬಿದ್ದಾಗಲೂ ಅದೇ ತೂಕ ಕೆಳಗಿನಿಂದ ಗುದ್ದುತ್ತದೆ. ಮೈ ಹಗುರವಾದ ಕಾರಿನಲ್ಲಿ ಆ ಗುದ್ದು ನೇರ ಬೆನ್ನಿಗೇ ಬರುತ್ತದೆ.

ಸಣ್ಣ ಟೈರು ಜಿಪುಣತನ ಅಲ್ಲ

ಇಷ್ಟಾದ ಮೇಲೆ ನನಗೆ ಆ ಹಳೇ ಟೈರಿನ ಮೇಲೆ ಗೌರವ ಬಂತು. ಯಾರೋ ಕೂತು ಲೆಕ್ಕ ಹಾಕಿಯೇ ಅದನ್ನು ಆರಿಸಿದ್ದರು. ಕಡಿಮೆ ಬಲದ ಕಾರುಗಳ ಇತಿಹಾಸದಲ್ಲಿ ಟೈರಿನ ಆಯ್ಕೆ ಯಾವತ್ತೂ ಕೊನೆಗಳಿಗೆಯ ಕೆಲಸ ಆಗಿರಲಿಲ್ಲ. 1948ರಲ್ಲಿ ಪ್ಯಾರಿಸಿನಲ್ಲಿ ಸಿಟ್ರೊಯೆನ್ 2ಸಿವಿ ತೋರಿಸಿದಾಗ ಅದರ ಇಂಜಿನ್ 375 ಸಿಸಿ, ಬಲ ಬರೀ 9 ಕುದುರೆ. ಆ ಕಾರು ತನ್ನ ಆಯಸ್ಸಿನ ಹೆಚ್ಚಿನ ಭಾಗ ಓಡಿದ್ದು 125 ಮಿಲಿಮೀಟರ್ ಅಗಲದ ಟೈರಿನ ಮೇಲೆ. ನನ್ನ 'ಸೈಕಲ್ ಟೈರ್' ಅದರ ಮುಂದೆ ಪೈಲ್ವಾನ. ಆದರೆ ಅದರ ಚಕ್ರ ಎತ್ತರ ಇತ್ತು. ಹೊಲದ ದಾರಿಯಲ್ಲಿ, ಕೆಸರಿನಲ್ಲಿ ಹೋಗಬೇಕಿತ್ತಲ್ಲ. 1959ರ ಮಿನಿ ಕಾರಿನದ್ದು ತದ್ವಿರುದ್ಧ ದಾರಿ. ಒಳಗೆ ಜನರಿಗೆ ಜಾಗ ಮಾಡಲು 10 ಇಂಚಿನ ಚಕ್ರ ಬೇಕು ಅಂತ ಅದರ ವಿನ್ಯಾಸ ಮಾಡಿದ ಇಸಿಗೊನಿಸ್ ಹಟ ಹಿಡಿದರು. ಡನ್‌ಲಪ್ ಅದಕ್ಕೆಂದೇ ಟೈರು ಮಾಡಿಕೊಟ್ಟಿತು. 2013ರಲ್ಲಿ ಬಂದ ಬಿಎಂಡಬ್ಲ್ಯು ಐ3 ಅನ್ನುವ ಎಲೆಕ್ಟ್ರಿಕ್ ಕಾರಿಗೆ 155/70 ಆರ್19 ಹಾಕಿದರು. ನನ್ನ ಹಳೇ ಟೈರಿನಷ್ಟೇ ಅಗಲ, ಎತ್ತರ ಮಾತ್ರ 70 ಸೆಂಟಿಮೀಟರ್. ಅದೇನು ಬಡವರ ಕಾರಲ್ಲ. ಸಾಧ್ಯವಾದಷ್ಟು ಕಡಿಮೆ ಕರೆಂಟಿನಲ್ಲಿ ಓಡಬೇಕು ಅಂತ ಹಾಗೆ ಮಾಡಿದರು. ಬ್ಯಾಟರಿಯ ಕಾರು, ಅಲ್ಲಿ ಗೇರಿನ ಲೆಕ್ಕವನ್ನು ಮೋಟರಿಗೆ ಹೊಂದಿಸಿಕೊಳ್ಳಬಹುದು. ನಮ್ಮ ಹಾಗೆ ಸಿದ್ಧವಾಗಿ ಬಂದ ಗೇರ್‌ಬಾಕ್ಸಿಗೆ ಟೈರ್ ಹೊಂದಿಸುವ ಕಷ್ಟ ಇಲ್ಲ.

ಟೈರ್ ಉರುಳುವಾಗ ಕೆಳಗೆ ಚಪ್ಪಟೆ ಆಗುತ್ತದೆ, ಮತ್ತೆ ದುಂಡಗಾಗುತ್ತದೆ. ಪ್ರತಿ ಸುತ್ತಿಗೂ ರಬ್ಬರ್ ಮಡಚಿ ಬಿಡಿಸಿದ ಹಾಗೆ. ಅದರಲ್ಲಿ ಒಂದಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ, ಟೈರು ಕಾರನ್ನು ಹಿಂದಕ್ಕೆ ಎಳೆದ ಹಾಗೆ. ನನ್ನಂಥ ಕಾರಿಗೆ ಲೆಕ್ಕ ಹಾಕಿದರೆ ಸುಮಾರು 50 ಕಿಲೋಮೀಟರ್ ವೇಗದವರೆಗೆ ಈ ಎಳೆತವೇ ಎದುರುಗಾಳಿಯ ಎಳೆತಕ್ಕಿಂತ ಜಾಸ್ತಿ. ಊರೊಳಗೆ ಓಡುವ ಸಣ್ಣ ಕಾರು ಇಂಜಿನ್ ಬಲದ ದೊಡ್ಡ ಪಾಲನ್ನು ಟೈರಿಗೇ ಕೊಡುತ್ತದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಅಗಲ ಟೈರು ಅಂದರೆ ಎಳೆತ ಜಾಸ್ತಿ ಅನ್ನೋದು ಪೂರ್ತಿ ನಿಜ ಅಲ್ಲ. ಗಾಳಿಯ ಒತ್ತಡ ಒಂದೇ ಇದ್ದರೆ ನೆಲಕ್ಕೆ ಅಂಟುವ ಜಾಗದ ವಿಸ್ತಾರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆಕಾರ ಮಾತ್ರ ಬದಲಾಗುತ್ತದೆ. ಸಣ್ಣ ಟೈರಿನದ್ದು ಉದ್ದುದ್ದ, ಅಗಲ ಟೈರಿನದ್ದು ಅಡ್ಡಡ್ಡ. ಎಳೆತವನ್ನು ಅಗಲಕ್ಕಿಂತ ಜಾಸ್ತಿ ನಿರ್ಧರಿಸೋದು ರಬ್ಬರಿನ ಗುಣ, ಟೈರಿನ ಕಟ್ಟು, ಗಾಳಿ. ಯುರೋಪಿನಲ್ಲಿ ಟೈರಿಗೆ 2012ರಿಂದ ದರ್ಜೆಯ ಚೀಟಿ ಅಂಟಿಸುತ್ತಾರೆ. ಈಗಿನ ಚೀಟಿಯಲ್ಲಿ ಎ ದರ್ಜೆಯ ಕಾರ್ ಟೈರು ಒಂದು ಟನ್ ಭಾರಕ್ಕೆ ಆರೂವರೆ ಕಿಲೋಗಿಂತ ಜಾಸ್ತಿ ಎಳೆಯುವಂತಿಲ್ಲ. ಇ ದರ್ಜೆಯದ್ದು 10.6 ಕಿಲೋ ಅಥವಾ ಅದಕ್ಕಿಂತ ಜಾಸ್ತಿ ಎಳೆಯುತ್ತದೆ. ಒಂದೇ ಸೈಜಿನ ಎರಡು ಟೈರುಗಳ ನಡುವೆಯೇ ಇಷ್ಟು ಅಂತರ ಇರಬಹುದು. ನಾನು ಎರಡು ಸೆಂಟಿಮೀಟರ್ ಅಗಲದ ಬಗ್ಗೆ ತಲೆ ಕೆಡಿಸಿಕೊಂಡಿದ್ದೆ, ರಬ್ಬರಿನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ.

ಮಳೆ ನೀರಿನಲ್ಲಂತೂ ಸಣ್ಣ ಟೈರೇ ಬುದ್ಧಿವಂತ. ಕಿರಿದಾದ ಉದ್ದ ಪಾದ ನೀರನ್ನು ಸೀಳಿಕೊಂಡು ಹೋಗುತ್ತದೆ. ಅಗಲದ ಪಾದ ಎದುರಿಗೆ ಜಾಸ್ತಿ ನೀರನ್ನು ತಳ್ಳಬೇಕು, ತಳ್ಳಲಾಗದಿದ್ದರೆ ಮೇಲೆ ತೇಲುತ್ತದೆ. 1963ರಲ್ಲಿ ನಾಸಾದವರು ವಿಮಾನದ ಟೈರುಗಳನ್ನು ಇಟ್ಟುಕೊಂಡು ಟೈರ್ ಯಾವ ವೇಗದಲ್ಲಿ ತೇಲುತ್ತದೆ ಅನ್ನುವ ಸೂತ್ರ ಕೊಟ್ಟರು. ಅದರಲ್ಲಿ ಇರುವುದು ಬರೀ ಗಾಳಿಯ ಒತ್ತಡ. 30 ಪಿಎಸ್‌ಐ ಇದ್ದರೆ ಗಂಟೆಗೆ ಸುಮಾರು 90 ಕಿಲೋಮೀಟರ್, 20ಕ್ಕೆ ಇಳಿದರೆ 75ರ ಆಸುಪಾಸು. ಕಾರಿನ ಟೈರಿನಲ್ಲಿ ಅಗಲ, ಸಾಲುಗಳ ಆಳ ಎಲ್ಲ ಸೇರಿ ಲೆಕ್ಕ ಬದಲಾಗುತ್ತದೆ. ಆದರೂ ಗಾಳಿ ಕಡಿಮೆ ಇಟ್ಟುಕೊಂಡು ಮೆತ್ತಗೆ ಹೋಗೋಣ ಅನ್ನುವವರಿಗೆ ಈ ಎರಡು ಅಂಕಿ ಸಾಕು.

ಅಗಲದಿಂದ ಲಾಭವೇ ಇಲ್ಲ ಅಂತಲ್ಲ. ಒಣ ರಸ್ತೆಯ ತಿರುವಿನಲ್ಲಿ 175 ಗಟ್ಟಿಯಾಗಿ ಕೂತಿತ್ತು, ಅದನ್ನು ಒಪ್ಪುತ್ತೇನೆ. ಹೆದ್ದಾರಿಯಲ್ಲಿ ಪಕ್ಕದಿಂದ ಲಾರಿ ಹೋದಾಗ ಕಾರು ಅಲ್ಲಾಡೋದು ಸ್ವಲ್ಪ ಕಡಿಮೆ ಆಗಿತ್ತು. ಆದರೆ ಪಾರ್ಕ್ ಮಾಡುವಾಗ ಸ್ಟೇರಿಂಗ್ ಕಲ್ಲಾಗಿತ್ತು. ನನ್ನದರಲ್ಲಿ ಪವರ್ ಸ್ಟೇರಿಂಗ್ ಇಲ್ಲ.

ಹಾಗಾದ್ರೆ ಯಾವ ಸೈಜ್?

ನನ್ನನ್ನು ಕೇಳಿದರೆ ಮೊದಲು ಡ್ರೈವರ್ ಬಾಗಿಲು ತೆಗೆದು ಪಕ್ಕದ ಕಂಬದ ಮೇಲೆ ಟೈರಿನ ಅಳತೆ ಬರೆದ ಚೀಟಿ ನೋಡಿ ಅಂತೀನಿ. ಅದೇ ಕಾರಿನ ಮೇಲಿನ ಮಾಡೆಲ್ಲಿಗೆ ಕಂಪನಿಯವರೇ ಇನ್ನೊಂದು ಸೈಜ್ ಕೊಟ್ಟಿರುತ್ತಾರೆ. ಇಂಜಿನ್ನೂ ಗೇರೂ ಒಂದೇ ಆಗಿದ್ದರೆ ಅದು ಕಣ್ಣುಮುಚ್ಚಿ ಹಾಕಬಹುದಾದ ಸೈಜು. ಅದೂ ಸಾಲದು ಅಂದರೆ ಮೇಲಿನ ಲೆಕ್ಕ ಮಾಡಿ. ಎತ್ತರದ ವ್ಯತ್ಯಾಸ ಶೇಕಡಾ 3ರ ಒಳಗಿರಲಿ ಅಂತ ಕೆಲಸ ಬಲ್ಲವರು ಹೇಳುತ್ತಾರೆ. ಕಡಿಮೆ ಬಲದ ಕಾರಿಗೆ ಅದೂ ಜಾಸ್ತಿ ಅನ್ನೋದು ನನ್ನ ಅಭಿಪ್ರಾಯ. ಮೇಲಕ್ಕೆ 1 ದಾಟಬೇಡಿ. ನಾನು ಅದೇ 14ರ ಅಲಾಯ್‌ಗೆ 175/70ರ ಬದಲು 175/65 ಹಾಕಿಸಿದ್ದರೆ ಎತ್ತರ 583.1 ಆಗುತ್ತಿತ್ತು, ವ್ಯತ್ಯಾಸ ಶೇಕಡಾ 0.8. ಬೆಟ್ಟದಲ್ಲಿ ಮರ್ಯಾದೆ ಉಳಿಯುತ್ತಿತ್ತು. 165/65 ಹಾಕಿದ್ದರೆ 570.1, ಹಳೇದಕ್ಕಿಂತ ಸ್ವಲ್ಪ ಗಿಡ್ಡ. ಪಿಕಪ್ ಚೂರು ಚುರುಕಾಗುತ್ತಿತ್ತು, ಹಂಪಿನ ಮೇಲೆ ಹೊಟ್ಟೆ ಉಜ್ಜುವ ಭಯ ಚೂರು ಜಾಸ್ತಿ. ಗೀಟಿನ ಆಚೆಯ ಒಂದೇ ಒಂದು ಅಂಕಿ ಎಷ್ಟು ಕೆಲಸ ಮಾಡುತ್ತದೆ ನೋಡಿ. ಅಂಗಡಿಯಲ್ಲಿ ಆ ದಿನ 65 ಸ್ಟಾಕ್ ಇರಲಿಲ್ಲ, 70 ಇತ್ತು. ಅಷ್ಟೇ ಕಾರಣ.

ಸೈಜಿನ ಮುಂದೆ ಇನ್ನೆರಡು ಗುರುತು ಇರುತ್ತವೆ, 79ಟಿ ಅಂತೆಲ್ಲ. 79 ಅಂದರೆ ಒಂದು ಟೈರು 437 ಕಿಲೋ ಹೊರುತ್ತದೆ, ಟಿ ಅಂದರೆ ಗಂಟೆಗೆ 190 ಕಿಲೋಮೀಟರ್‌ವರೆಗೆ ತಡೆಯುತ್ತದೆ. ವೇಗದ ಅಕ್ಷರ ನಮ್ಮಂಥ ಕಾರಿಗೆ ಯಾವತ್ತೂ ತೊಂದರೆ ಕೊಡಲ್ಲ, ಬೆಟ್ಟದಿಂದ ಉರುಳಿದರೂ ಆ ವೇಗ ಬರಲ್ಲ. ಭಾರದ ಅಂಕಿ ಮಾತ್ರ ಕಂಪನಿ ಕೊಟ್ಟಿದ್ದಕ್ಕಿಂತ ಕಡಿಮೆ ಆಗಬಾರದು. ಹಾಗೇ ತಯಾರಾದ ದಿನವನ್ನೂ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ. ಮೂರು ವರ್ಷ ಗೋದಾಮಿನಲ್ಲಿ ಕೂತ ಟೈರನ್ನು ಹೊಸದು ಅಂತ ಯಾಕೆ ತಗೋಬೇಕು?

ಮೆಟ್ಟಿಲ ಕೆಳಗೆ

ಹಳೇ ಕಬ್ಬಿಣದ ರಿಮ್ಮುಗಳು ಮೆಟ್ಟಿಲ ಕೆಳಗೆ ಬಿದ್ದಿದ್ದವು, ತುಕ್ಕು ಹಿಡಿದು. ತೆಗೆದು ಉಜ್ಜಿ ಕಪ್ಪು ಬಣ್ಣ ಹೊಡೆಸಿದೆ. ಅವೇ 155/80 ಆರ್13, ಈ ಸಲ ರಬ್ಬರ್ ವಿಚಾರಿಸಿ ಹಾಕಿಸಿದೆ. ಮನೆ ಮುಂದೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಟೈರಿಗೂ ಒಂದು ಗೆರೆ ಹಾಕಿ, ಕಾರನ್ನು ಒಂದು ಸುತ್ತು ಮುಂದಕ್ಕೆ ತಳ್ಳಿ ಟೇಪ್ ಹಿಡಿದೆ. 176 ಸೆಂಟಿಮೀಟರ್. ಅಲಾಯ್ ಇದ್ದಾಗ ಹೀಗೇ ಅಳೆದಾಗ 183 ಬಂದಿತ್ತು. ಪೇಪರಿನ ಲೆಕ್ಕದಲ್ಲಿ ಎರಡೂ ಇದಕ್ಕಿಂತ ಜಾಸ್ತಿ ಬರಬೇಕು. ಕಾರಿನ ಭಾರಕ್ಕೆ ಟೈರು ಕೆಳಗೆ ಕುಗ್ಗಿರುತ್ತದಲ್ಲ, ಅದಕ್ಕೇ ಈ ಕಡಿತ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ಏನೂ ಹೇಳದೆ ಒಳಗೆ ಹೋದಳು.

ಅಲಾಯ್‌ಗಳನ್ನು ಬಾಮೈದ ಕೇಳಿದ. ಅವನ ಕಾರಿಗೆ ಹಾಕಿಕೊಳ್ಳುತ್ತಾನಂತೆ. ಬಂದ, ಹಳೇ ಸ್ಟೆಪ್ನಿಯನ್ನೂ ಅಲಾಯನ್ನೂ ಒಂದೊಂದು ಕೈಯಲ್ಲಿ ಎತ್ತಿ ನೋಡು ಅಂದೆ. ಎತ್ತಿದ. ಮುಖ ಸ್ವಲ್ಪ ಬದಲಾಯಿತು. ಕೆಳಗಿಟ್ಟು ಅಂದ, "ಭಾರ ಇದೆ ಭಾವ. ಆದ್ರೆ ನೋಡೋಕೆ ಇದೇ ಚೆನ್ನಾಗಿತ್ತು, ಅಲ್ವಾ?" ಹೌದು ಅಂದೆ. ಚೆನ್ನಾಗೇ ಇತ್ತು. ಅಂಗಳಕ್ಕೆ ತಗೊಂಡು ಹೋಗಿ ಅವನ ಕಾರಿಗೆ ಹಿಡಿದು ನೋಡಿದೆವು. ಬೋಲ್ಟಿನ ತೂತು ಹೊಂದಲಿಲ್ಲ. ನನ್ನದು 100 ಮಿಲಿಮೀಟರ್ ವೃತ್ತದ ಮೇಲೆ ನಾಲ್ಕು ಬೋಲ್ಟು, ಅವನದ್ದು 114.3. ನಾಲ್ಕನ್ನೂ ಮತ್ತೆ ಹೊತ್ತು ತಂದು ಮೆಟ್ಟಿಲ ಕೆಳಗೇ ಇಟ್ಟೆವು.